ಮೂರು ಹಲ್ಲಿನ ಮೀನು

ಕಲಾಭವನದ ಮುಂದೆ ಹನ್ನೊಂದು ಕಲ್ಲಿನ ಮೆಟ್ಟಿಲು, ಮಧ್ಯದಲ್ಲಿ ಇಳಿಜಾರಾಗಿ ಒಂದು ಹಿತ್ತಾಳೆ ಕಂಬಿ. ಕಲಾರಸಿಕರು ಹತ್ತಿ ಬರಲಿ ಅಂತ ಕಟ್ಟಿಸಿದ್ದು. ಕಲಾರಸಿಕರು ದಿನಕ್ಕೆ ಇಪ್ಪತ್ತು ಜನ ಬಂದರೆ ಹೆಚ್ಚು. ಆದರೆ ಸಂಜೆ ನಾಲ್ಕಾದರೆ ಸಾಕು, ಸ್ಕೇಟ್‌ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡ ಹುಡುಗ ಹುಡುಗಿಯರು ಎಲ್ಲೆಲ್ಲಿಂದಲೋ ಬಂದು ಮುತ್ತಿಕೊಳ್ಳುತ್ತಿದ್ದರು. ನಾಲ್ಕು ಗಾಲಿಯ ಆ ಹಲಗೆ ಮೇಲೆ ನಿಂತು, ರಭಸದಲ್ಲಿ ಬಂದು, ಹಲಗೆ ಸಮೇತ ಎಗರಿ, ಕಂಬಿ ಮೇಲೆ ಕರ್ರ್ ಅಂತ ಜಾರಿ ಕೆಳಗೆ ಇಳಿಯುವುದು ಅವರ ಸುಖ. ಅವರನ್ನು ಅಟ್ಟುವುದು ಕಾವಲುಗಾರನ ಕೆಲಸ.

ಇಪ್ಪತ್ತಮೂರು ವರ್ಷ ಅಟ್ಟಿದ. ಕೊರಳಲ್ಲಿ ನೇತಾಡುವ ಸ್ಟೀಲ್ ಪೀಪಿ ಊದುತ್ತಾ ಓಡಿ ಬರುವ ಅವನಿಗೆ 'ಪೀಪಿ ಮಾವ' ಅಂತ ಹೆಸರಿಟ್ಟವರೂ ಆ ಮಕ್ಕಳೇ. ಕ್ರಮೇಣ ಕಚೇರಿಯವರೂ ಹಾಗೇ ಕರೆಯತೊಡಗಿದರು. ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿಯಲಿಲ್ಲ.

ಮಾವನಿಗೆ ಕಲೆಯ ತಲೆಬುಡ ಗೊತ್ತಿರಲಿಲ್ಲ. ಆದರೆ ಶಿಸ್ತು ಗೊತ್ತಿತ್ತು. ಕೈಗೆ ಸಿಕ್ಕ ಬೋರ್ಡನ್ನು ಕಿತ್ತುಕೊಳ್ಳುತ್ತಿದ್ದ. ಅಪ್ಪನನ್ನೋ ಅಮ್ಮನನ್ನೋ ಕರೆತಂದು ತಪ್ಪೊಪ್ಪಿಗೆ ಬರೆದುಕೊಟ್ಟರೆ ವಾಪಸ್ಸು ಕೊಡಬೇಕು ಅಂತ ಹಳೇ ಮ್ಯಾನೇಜರ್ ನಿಯಮ ಮಾಡಿದ್ದರು. ಯಾವ ಮಗು ತಾನಾಗಿ ಅಪ್ಪನ ಮುಂದೆ ಹೋಗಿ ತಲೆ ಕೊಟ್ಟೀತು? ಒಬ್ಬರೂ ಬರಲಿಲ್ಲ. ನೆಲಮಾಳಿಗೆಯ ಪಂಪ್ ಕೋಣೆಯಲ್ಲಿ ಬೋರ್ಡುಗಳು ಒಂದರ ಮೇಲೊಂದು ಬಿದ್ದವು. ಒಟ್ಟು ತೊಂಬತ್ನಾಲ್ಕು. ಪ್ರತಿಯೊಂದರ ಗಾಲಿಯ ಪಕ್ಕದಲ್ಲೂ ಮಾವ ಬಿಳಿ ಬಣ್ಣದಲ್ಲಿ ದುಂಡಗೆ ಬರೆದಿದ್ದ: ತಾರೀಕು, ವಾರ, ವೇಳೆ, ಆಮೇಲೆ 'ಮೆಟ್ಟಿಲು' ಅಥವಾ 'ಕಂಬಿ'.

ಅವನ ಹೆಂಡತಿ ದೊಡ್ಡಾಸ್ಪತ್ರೆಯ ಮೂಳೆ ವಿಭಾಗದಲ್ಲಿ ಪ್ಲಾಸ್ಟರ್ ಕೋಣೆಯವಳು. ಮುರಿದ ಕೈಗೆ ಹತ್ತಿ ಸುತ್ತಿ, ಒದ್ದೆ ಪಟ್ಟಿ ಎಳೆದು, ಒಣಗುವ ತನಕ ಹಿಡಿದುಕೊಂಡಿರುವ ಕೆಲಸ. ಗಂಡನ ಶೌರ್ಯ ಕೇಳಿದಾಗಲೆಲ್ಲ ಅವಳು ಒಂದೇ ಮಾತು ಹೇಳುತ್ತಿದ್ದಳು. "ನೀವು ಅಟ್ಟಿ ಕಳಿಸ್ತೀರಿ, ನಾನು ಕಟ್ಟಿ ಕಳಿಸ್ತೀನಿ. ನಮ್ಮ ಕೋಣೆ ನಡೀತಿರೋದೇ ನಿಮ್ಮ ದಯೆಯಿಂದ ಕಣ್ರೀ."

ಮಾವ ಇದನ್ನು ಹೊಗಳಿಕೆ ಅಂತಲೇ ತಿಳಿದಿದ್ದ.

ಹೊಸ ನಿರ್ದೇಶಕಿ ಬಂದ ಎರಡನೇ ವರ್ಷ ಎಲ್ಲ ತಲೆಕೆಳಗಾಯಿತು. ಒಂದು ಬೆಳಿಗ್ಗೆ ಮೇಡಂ ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿ, ಮುಂದಿನ ಪ್ರದರ್ಶನದ ಹೆಸರು ಘೋಷಿಸಿದರು: 'ಹಲಗೆಯ ಪ್ರಜ್ಞೆ: ಅಲೆಯಿಂದ ಬೀದಿಗೆ, ಬೀದಿಯಿಂದ ಗೋಡೆಗೆ'.

"ಮೊದಲು ಮನುಷ್ಯ ಅಲೆ ಮೇಲೆ ಹಲಗೆ ಇಟ್ಟು ನಿಂತ. ಅದು ಸರ್ಫಿಂಗ್," ಅಂದರು ಮೇಡಂ. "ಸಮುದ್ರ ಶಾಂತವಾಗಿದ್ದ ದಿನ ಅದೇ ಹಲಗೆಗೆ ಗಾಲಿ ಹಾಕ್ಕೊಂಡು ಬೀದಿಗಿಳಿದ. ಅದು ಸ್ಕೇಟಿಂಗ್. ಆ ಹಲಗೆಗಳ ಅಡಿಗೆ ಬರೆದ ಚಿತ್ರ, ಆ ಬಣ್ಣ, ಆ ಒರಟು ಅಕ್ಷರ ಇವತ್ತು ಪ್ರಪಂಚದ ದೊಡ್ಡ ದೊಡ್ಡ ಗ್ಯಾಲರಿಗೆ ಬಂದು ನಿಂತಿದೆ. ಇದು ಸಮಕಾಲೀನ ಸಂವೇದನೆಯ ಚಲನಶೀಲ ಅಭಿವ್ಯಕ್ತಿ. ಈ ಬಂಡಾಯವನ್ನ ನಾವು ಅಪ್ಪಿಕೊಳ್ಳಬೇಕು."

ಮಾವ ಹಿಂದಿನ ಸಾಲಿನಿಂದ ಕೈ ಎತ್ತಿದ. "ಹಾಗಾದ್ರೆ ಮೇಡಂ, ಸಂಜೆ ನಾಲ್ಕಕ್ಕೆ ಬರೋರನ್ನ ಇನ್ಮೇಲೆ ಅಟ್ಟೋದು ಬೇಡ್ವಾ?"

"ಛೆ ಛೆ, ಅಟ್ಟಲೇಬೇಕು. ಮೆಟ್ಟಿಲು ಹಾಳಾಗುತ್ತೆ."

ಮಾವನಿಗೆ ಇಷ್ಟು ಅರ್ಥವಾಯಿತು: ಅಪ್ಪಿಕೊಳ್ಳುವುದು ಒಳಗೆ, ಅಟ್ಟುವುದು ಹೊರಗೆ. ಎರಡಕ್ಕೂ ಮಧ್ಯೆ ಬಾಗಿಲಲ್ಲಿ ನಿಲ್ಲುವುದು ತಾನು.

ಆಮೇಲೆ ನಡೆದದ್ದನ್ನೆಲ್ಲ ಅವನು ಮನೆಗೆ ಹೋಗಿ ಹೆಂಡತಿಗೆ ವರದಿ ಒಪ್ಪಿಸುತ್ತಿದ್ದ. ಹೋದ ತಿಂಗಳಷ್ಟೇ ಕಂಬಿಯ ಮೇಲಿನ ಗೀರುಗಳನ್ನೆಲ್ಲ ಉಜ್ಜಿಸಿ ಕನ್ನಡಿಯ ಹಾಗೆ ಹೊಳೆಯಿಸಿದ್ದರು. ಈಗ ಪ್ರದರ್ಶನಕ್ಕೆ ಗೀರು ಬಿದ್ದ ಕಂಬಿ ಬೇಕಾಯಿತು. ಹೊಸ ಕಂಬಿ ತರಿಸಿ, ಗೀರು ಹಾಕಲು ವೆಲ್ಡಿಂಗ್ ಅಂಗಡಿಯವನನ್ನು ಕರೆಸಿದರು. ಅವನು ಗ್ರೈಂಡರ್ ಹಿಡಿದುಕೊಂಡು ಕಕ್ಕಾಬಿಕ್ಕಿಯಾಗಿ ನಿಂತ. "ಮೂವತ್ತು ವರ್ಷದಿಂದ ಗೀರು ತೆಗೆಯೋ ಕೆಲಸ ಮಾಡ್ತಿದೀನಿ ಸ್ವಾಮಿ. ಹಾಕೋದು ಹೇಗೆ?"

ಮಾವ ಮುಂದೆ ಬಂದು ತೋರಿಸಿಕೊಟ್ಟ. "ಮೇಲಿಂದ ಒಂದು ಮೊಳ ಬಿಟ್ಟು ಶುರು ಮಾಡು. ಅಲ್ಲಿ ಗಾಲಿಯ ಕಬ್ಬಿಣ ಕೂರುತ್ತೆ. ನೇರ ಬೇಡ, ಚೂರು ಓರೆ. ಕೊನೇಲಿ ಒಂದು ಪೆಟ್ಟು. ಅಲ್ಲೇ ಎಲ್ರೂ ಬೀಳೋದು."

ಮೇಡಂ ಫೋಟೋ ತೆಗೆದರು. ಕಂಬಿಯ ಕೆಳಗೆ ಚೀಟಿ ಬಂತು: 'ಗೀರು. ಲೋಹದ ಮೇಲೆ ಕಾಲ.'

ಪ್ರದರ್ಶನದ ನಾಯಕಮಣಿ ಒಬ್ಬ ಕಲಾವಿದ. ಮೂವತ್ತನಾಲ್ಕರ ಆಸುಪಾಸು. ಉಪ್ಪುನೀರಲ್ಲಿ ನೆನೆದಂತೆ ಕಾಣಲೆಂದು ಸಲೂನಿನಲ್ಲಿ ಕೂತು ಮಾಡಿಸಿದ ಕೂದಲು, ಕೊರಳಲ್ಲಿ ಕಪ್ಪೆಚಿಪ್ಪಿನ ಸರ, ಬರಿಗಾಲು. ಕಾರಿನಿಂದ ಇಳಿಯುವ ತನಕ ಮಾತ್ರ ಚಪ್ಪಲಿ. ಎಲ್ಲಿ ಹೋದರೂ ತನ್ನ ಸರ್ಫ್‌ಬೋರ್ಡನ್ನು ಜೊತೆಗೆ ತರುತ್ತಿದ್ದ, ಬೇರೆಯವರ ಕೈಯಲ್ಲಿ ಹೊರಿಸಿಕೊಂಡು. ಮಾವನೇ ಎರಡು ಸಲ ಹೊತ್ತ. ಅಷ್ಟುದ್ದದ ಹಲಗೆಯಲ್ಲಿ ಒಂದು ತರಚು ಗಾಯವಿರಲಿಲ್ಲ.

ಅವನಿಗೆ ಹೆಸರು ತಂದ ಚಿತ್ರ ಒಂದು ಮೀನು. ಬೋಳುತಲೆ, ದಪ್ಪ ಹುಬ್ಬು, ಮುಂದೆ ಚಾಚಿದ ಮೂರು ಹಲ್ಲು, ಹೊಟ್ಟೆಯಡಿ ನಾಲ್ಕು ಗಾಲಿ. ಒಂದು ಬ್ಯಾಂಕು ಅದನ್ನು ಕ್ಯಾಲೆಂಡರಿಗೆ ಹಾಕಿಕೊಂಡಿತ್ತು. ಅಂಗಿ, ಲೋಟ, ಛತ್ರಿ, ಎಲ್ಲದರ ಮೇಲೂ ಆ ಮೀನು. ಗೋಡೆಯ ಚೀಟಿಯಲ್ಲಿ ಹೀಗೆ ಬರೆದಿತ್ತು: 'ಹನ್ನೊಂದು ವರ್ಷಗಳ ಹಿಂದೆ ಮಹಾ ಅಲೆಯೊಂದರ ಗರ್ಭದಲ್ಲಿ ಉಸಿರು ಕಳೆದುಕೊಳ್ಳುತ್ತಿದ್ದಾಗ ಕಲಾವಿದರಿಗೆ ದರ್ಶನವಿತ್ತ ಆದಿಮ ಜಲಸತ್ತ್ವ. ಮುಂದೆ ಬೀದಿಯ ಮಕ್ಕಳು ಇದರಿಂದ ಪ್ರಭಾವಿತರಾದರು.'

ಮಾವ ಆ ದೊಡ್ಡ ಚಿತ್ರದ ಮುಂದೆ ನಿಂತಾಗಲೆಲ್ಲ ತಲೆ ಕೆರೆದುಕೊಳ್ಳುತ್ತಿದ್ದ. ಎಲ್ಲೋ ನೋಡಿದ ಮುಖ. ಕ್ಯಾಲೆಂಡರಿನಲ್ಲಿ ನೋಡಿದ್ದು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅಷ್ಟರಲ್ಲಿ ಪಂಪ್ ಕೆಟ್ಟಿತು. ನೆಲಮಾಳಿಗೆಗೆ ನೀರು ಬಂತೇನೋ ನೋಡಲು ಇಳಿದ ಮೇಡಂ ಬೋರ್ಡುಗಳ ರಾಶಿ ಕಂಡು ಕಿಟಾರನೆ ಕಿರುಚಿದರು. ಇಲಿ ಕಂಡರೇನೋ ಅಂತ ಮಾವ ಕೋಲು ಹಿಡಿದು ಓಡಿದ.

"ಇದೇನು ಪೀಪಿ ಮಾವ? ಇಷ್ಟೊಂದು ಇಟ್ಕೊಂಡು ಇಷ್ಟು ವರ್ಷ ಬಾಯಿ ಮುಚ್ಕೊಂಡಿದೀರಲ್ಲ!"

"ಎಸೀಬೇಕು ಅಂದ್ಕೊಂಡಿದ್ದೆ ಮೇಡಂ, ಆಗ್ಲೇ ಇಲ್ಲ. ಈ ವಾರ..."

"ಎಸೆಯೋದಾ? ಮುಟ್ಟಬೇಡಿ! ಇದು ದಾಖಲೆ. ಇದು ಪ್ರತಿರೋಧದ ಸ್ಮಶಾನ!"

ಮಾರನೇ ದಿನ ಬಿಳಿ ಕೈಗವಸು ಹಾಕಿಕೊಂಡ ಇಬ್ಬರು ಬಂದು, ಮಾವ ಕಾಲಲ್ಲಿ ಒದ್ದು ಮೂಲೆಗೆ ಸರಿಸಿದ್ದ ಬೋರ್ಡುಗಳನ್ನು ಹಸುಗೂಸುಗಳ ಹಾಗೆ ಎರಡೂ ಕೈಯಲ್ಲಿ ಎತ್ತಿ ಒಯ್ದರು. ದೊಡ್ಡ ಕೋಣೆಯ ಒಂದು ಗೋಡೆ ಪೂರ್ತಿ ತೊಂಬತ್ನಾಲ್ಕು ಬೋರ್ಡು ತೂಗುಹಾಕುವುದು ಅಂತ ತೀರ್ಮಾನವಾಯಿತು. ಚೀಟಿಯಲ್ಲಿ ಮಾವನ ಹೆಸರನ್ನೂ ಹಾಕಿದರು, 'ಸಹ-ಸಂಗ್ರಾಹಕ' ಅಂತ.

ಮಾವ ಆ ಸಂಜೆ ಹೊಸ ಅಂಗಿಯೊಂದನ್ನು ಹಿಡಿದೇ ಮನೆಗೆ ಬಂದ.

"ಏನು ಮಹರಾಯರೆ, ಮದುವೆ ಗಿದುವೆ ಏನಾದ್ರೂ?" ಅಂದಳು ಹೆಂಡತಿ.

"ಉದ್ಘಾಟನೆ ದಿನ ನಾನೂ ಎರಡು ಮಾತಾಡ್ಬೇಕಂತೆ ಕಣೇ. ನಾನು ಸಂಗ್ರಾಹಕ."

"ಮಕ್ಕಳ ಕೈಯಿಂದ ಕಿತ್ಕೊಂಡಿದ್ದಕ್ಕೆ ಅಷ್ಟು ಒಳ್ಳೇ ಹೆಸರು ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಮೂರನೇ ದಿನ ಕೈಗವಸಿನವರು ಬೋರ್ಡುಗಳ ಧೂಳು ಒರೆಸುವಾಗ ಮಾವ ಪಕ್ಕದಲ್ಲಿ ನಿಂತು ಉಸ್ತುವಾರಿ ಮಾಡುತ್ತಿದ್ದ. ಒಂದು ಬೋರ್ಡಿನ ಕೊಳೆ ಹೋಗಿ ಅಡಿಯಲ್ಲಿ ಬಣ್ಣ ಕಾಣಿಸಿತು. ಮೊದಲು ಬೋಳುತಲೆ, ಆಮೇಲೆ ಹುಬ್ಬು, ಆಮೇಲೆ ಒಂದು, ಎರಡು, ಮೂರು ಹಲ್ಲು. ಅದೇ ಮೀನು. ಗಾಲಿಯ ಪಕ್ಕದಲ್ಲಿ ತನ್ನದೇ ದುಂಡಕ್ಷರ: ಬುಧವಾರ, ನಾಲ್ಕೂವರೆ, ಕಂಬಿ. ತಾರೀಕು ನೋಡಿ ಬೆರಳು ಮಡಿಸಿ ಲೆಕ್ಕ ಹಾಕಿದ. ಹದಿನೇಳು ವರ್ಷದ ಹಿಂದಿನದು. ಗೋಡೆಯ ಮೇಲಿನ ಜಲಸತ್ತ್ವ ದರ್ಶನ ಕೊಟ್ಟದ್ದು ಹನ್ನೊಂದು ವರ್ಷದ ಹಿಂದೆ.

ಮಾವನಿಗೆ ಕೆಟ್ಟ ಆಲೋಚನೆ ಏನೂ ಬರಲಿಲ್ಲ. ಬೋರ್ಡನ್ನು ಎತ್ತಿಕೊಂಡು ನೇರ ಕಲಾವಿದನ ಹತ್ತಿರ ಹೋಗಿ ಹಲ್ಲು ಕಿರಿದ. "ಏನ್ ಸಾರ್, ನೀವೂ ನಮ್ಮ ಮೆಟ್ಟಿಲ ಮೇಲೆ ಬಿದ್ದೆದ್ದವರೇನಾ? ಇದು ನಿಮ್ಮದೇ ಇರ್ಬೇಕು ನೋಡಿ!"

ಕಲಾವಿದನ ಮುಖ ಹುಳ್ಳಗಾಯಿತು. ಬೋರ್ಡು ನೋಡಿದ, ತಾರೀಕು ನೋಡಿದ, ಕೊನೆಗೆ ಮಾವನ ಭುಜದ ಮೇಲೆ ಕೈ ಹಾಕಿದ. "ನೋಡಿ ಮಾವ, ಪ್ರಭಾವ ಅನ್ನೋದು ಗಾಳಿ ಇದ್ದ ಹಾಗೆ. ಯಾರದು ಅಂತ ಕೇಳೋಕಾಗಲ್ಲ. ಇವೆಲ್ಲ ನಿಮಗೆ ತಿಳಿಯಲ್ಲ, ಬಿಡಿ."

ಸಂಜೆಯೊಳಗೆ ಆ ಬೋರ್ಡು ಗೋಡೆಯ ತುತ್ತತುದಿಗೆ, ಚಿತ್ರ ಗೋಡೆಯ ಕಡೆಗೆ, ಮೇಲ್ಮೈ ಹೊರಗೆ ಕಾಣುವಂತೆ ನೇತುಬಿತ್ತು. ಉಳಿದ ತೊಂಬತ್ತಮೂರೂ ಚಿತ್ರ ತೋರಿಸಿಕೊಂಡಿದ್ದವು. ಇದೊಂದು ಮಾತ್ರ ಯಾಕೆ ಹೀಗೆ ಅಂತ ಮಾವ ಕೇಳಿದ್ದಕ್ಕೆ ಮೇಡಂ, "ಮೌನಕ್ಕೂ ಒಂದು ಜಾಗ ಬೇಕಲ್ವಾ," ಅಂದರು.

ಮಾವ ಕಲೆಗೆ ಹೊಸಬನೇ ಹೊರತು ಕಳ್ಳತನಕ್ಕಲ್ಲ. ಇಪ್ಪತ್ತಮೂರು ವರ್ಷ ಬಾಗಿಲಲ್ಲಿ ನಿಂತವನು. ಅಡಗಿಸಿಟ್ಟ ಕೈಯನ್ನು ದೂರದಿಂದಲೇ ಗುರುತು ಹಿಡಿಯಬಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ಪೇಪರಿನ ಅಂಚಿನಲ್ಲಿ ಆ ಮೀನನ್ನು ಬರೆದು ತೋರಿಸಿದ. ಹೆಂಡತಿ ಕನ್ನಡಕ ಏರಿಸಿ ನೋಡಿದ್ದೇ ತಡ, ಬಿದ್ದು ಬಿದ್ದು ನಕ್ಕಳು.

"ಅಯ್ಯೋ, ಇದು ಚಿಟ್ಟೆ ಮೀನು ಅಲ್ವೇನ್ರೀ! ಕ್ಯಾಲೆಂಡರಿಗೂ ಅವಳೇ ಬರ್ಕೊಟ್ಟಿದ್ದು ಅಂದ್ಕೊಂಡಿದ್ದೆ. ನಮ್ಮ ಕೋಣೇಲೇ ಕೂತು ಬಲಗೈ ಪ್ಲಾಸ್ಟರ್ ಮೇಲೆ ಎಡಗೈಲಿ ಬಿಡಿಸಿದ್ಲು. ಡಾಕ್ಟ್ರು ಬೈದ್ರೂ ಬಿಡ್ಲಿಲ್ಲ. ಆರು ವಾರ ಆದ್ಮೇಲೆ ಪ್ಲಾಸ್ಟರ್ ಒಡೆದ್ರೆ, ಮೀನು ಹಾಳಾಯ್ತು ಅಂತ ಅತ್ಲು."

"ಯಾರೇ ಅದು ಚಿಟ್ಟೆ?"

"ನಾನು ದಿನಾ ಹೋಗ್ತೀನಲ್ಲ ಏಳನೇ ನಂಬರ್ ಬಸ್ಸು, ಅದರ ಡ್ರೈವರ್. ಆಗ ಹದಿನಾರು ವರ್ಷದವಳು. ಹಲಗೆ ಮೇಲಿಂದ ಎಷ್ಟೆತ್ತರ ಎಗರಿದ್ರೂ ಸದ್ದಿಲ್ದೆ ಇಳೀತಿದ್ಲಂತೆ. ಅದಕ್ಕೇ ಚಿಟ್ಟೆ." ಅವಳ ನಗು ನಿಂತಿತು. "ಅವಳನ್ನ ನೀವೇ ಹೋಗಿ ಮಾತಾಡ್ಸಿ. ನಾನು ಹೇಳೋದಕ್ಕಿಂತ ಅದೇ ಒಳ್ಳೇದು."

ಮಾರನೇ ಮಧ್ಯಾಹ್ನ ಮಾವ ಅರ್ಧ ದಿನ ರಜೆ ಹಾಕಿ ಏಳನೇ ನಂಬರ್ ಹತ್ತಿದ. ಕೊನೇ ನಿಲ್ದಾಣ ಬರುವ ತನಕ ತೆಪ್ಪಗೆ ಕೂತಿದ್ದ. ಜನವೆಲ್ಲ ಇಳಿದ ಮೇಲೆ ಡ್ರೈವರ್ ಸೀಟಿನ ಹಿಂದೆ ಹೋಗಿ ನಿಂತು ಕೆಮ್ಮಿದ. ಖಾಕಿ ಅಂಗಿ, ಮೇಲೆ ಎತ್ತಿ ಕಟ್ಟಿದ ಕೂದಲು, ಮೂವತ್ತಮೂರರ ಹೆಂಗಸು. ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಸುರಿಯುತ್ತಿದ್ದಳು. ಕನ್ನಡಿಯಲ್ಲಿ ಅವನ ಮುಖ ಕಂಡಿದ್ದೇ ಚಹಾ ಚೆಲ್ಲಿಕೊಂಡಳು.

"ಪೀಪಿ ಮಾವ! ಬಸ್ಸನ್ನೂ ಕಿತ್ಕೊಂಡ್ಹೋಗೋಕೆ ಬಂದ್ರಾ?"

ಮಾವ ನಗಲು ನೋಡಿದ, ಆಗಲಿಲ್ಲ. ಬೋರ್ಡು ಸಿಕ್ಕಿದ್ದು, ಮೀನು, ಕಲಾವಿದ, ಅಲೆಯ ಗರ್ಭ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಅವಳು ಮುಚ್ಚಳದ ಚಹಾ ಹೀರುತ್ತಾ ಕೇಳಿಸಿಕೊಂಡಳು.

"ಆದಿಮ ಜಲಸತ್ತ್ವ ಅಂತಾನಾ? ಮಾವ, ಅದು ಮೀನೇ ಅಲ್ಲ. ಅದು ನಮ್ಮ ಲೆಕ್ಕದ ಮೇಷ್ಟ್ರು."

"ಆಂ?"

"ಶೇಷ ಮೇಷ್ಟ್ರು. ಯಾವ ಲೆಕ್ಕ ಮಾಡಿದ್ರೂ 'ಶೇಷ ಎಷ್ಟು, ಶೇಷ ಎಷ್ಟು' ಅಂತ ತಲೆ ಮೇಲೆ ಕುಟ್ಟೋರು. ಬೋಳುತಲೆ, ಹುಬ್ಬು, ಮುಂದೆ ಮೂರು ಹಲ್ಲು. ಅವರನ್ನ ತುಳೀತಾ ನಿಲ್ಲೋ ಆಸೆ ಇತ್ತು, ಅದಕ್ಕೇ ಹಲಗೆ ಅಡೀಲಿ ಬಿಡಿಸ್ದೆ. ಬಾಲ ಹಾಕಿದ್ದು ಯಾಕೆ ಅಂದ್ರೆ, ಸಿಕ್ಕಿಹಾಕ್ಕೊಂಡ್ರೆ ಮೀನು ಅಂತ ಹೇಳ್ಬೋದಲ್ಲ!"

"ಮತ್ತೆ ಆ ಕಲಾವಿದ?"

"ಕೂದಲು ಕೆದರಿಕೊಂಡಿರೋನಾ? ಅವನು ನಮ್ಮ ಗುಂಪಲ್ಲಿ 'ಕ್ಯಾಮೆರಾ'. ಅಪ್ಪನ ಕಾರಲ್ಲಿ ಬಂದಿಳಿದು ಎಲ್ಲರ ಹಲಗೆ ಫೋಟೋ ತೆಗೆಯೋನು. ಒಂದು ದಿನಾನೂ ಹಲಗೆ ಮೇಲೆ ಕಾಲಿಡ್ಲಿಲ್ಲ. ಅಲೆಯ ಗರ್ಭ ಅಂತೆ! ದಾರೀಲಿ ನೀರು ನಿಂತಿದ್ರೆ ಸುತ್ತು ಹಾಕ್ಕೊಂಡು ಬರೋನು."

ಮಾವ ಈ ಸಲ ಜೋರಾಗಿ ನಕ್ಕ. ಅವಳು ನಗಲಿಲ್ಲ. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಬಲಗೈಯ ಮಣಿಕಟ್ಟು ಒಂದು ಹಂತಕ್ಕೆ ಬಂದು ನಿಂತಿತು, ಮುಂದೆ ತಿರುಗಲಿಲ್ಲ; ಎಡಗೈಯಿಂದ ಪೂರ್ತಿ ಮಾಡಿದಳು.

"ಆ ಬುಧವಾರ ನಾನು ಕಂಬಿ ಮೇಲೆ ಸರಿಯಾಗೇ ಇದ್ದೆ ಮಾವ. ಇನ್ನೊಂದು ಮಾರು ಇತ್ತು. ನೀವು ಹಿಂದಿಂದ ಬಂದು ಕಿವಿ ಹತ್ರ ಊದಿದ್ರಿ."

ಮಾವ ಅವಳ ಮಣಿಕಟ್ಟು ನೋಡಿದ. "ನಾನು ನಿನ್ನ ಕೈ ನೋಡ್ಲಿಲ್ಲ ಕಣಮ್ಮ."

"ನೋಡ್ಲಿಲ್ಲ. ಹಲಗೆ ನೋಡಿದ್ರಿ. ಎತ್ಕೊಂಡು ಹೋದ್ರಿ." ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. "ಅಪ್ಪನನ್ನ ಕರ್ಕೊಂಡು ಬಾ ಅಂದ್ರಿ. ನಮ್ಮಪ್ಪ ತೀರಿಹೋಗಿ ಆಗ ಮೂರು ತಿಂಗಳು. ಅದನ್ನ ನಿಮಗೆ ಹೇಳೋಕೆ ನನಗೆ ಇಷ್ಟ ಇರ್ಲಿಲ್ಲ."

ಹೊರಡುವ ಗಂಟೆ ಹೊಡೆಯಿತು. ಅವಳು ಬಸ್ಸು ಹೊರಡಿಸಿದಳು. ಮಾವ ತನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿ ಇಳಿದ, ಇಳಿಯುವ ಮುಂಚೆ ಬಾಗಿಲಲ್ಲಿ ನಿಂತು, "ಶನಿವಾರ ಹನ್ನೊಂದಕ್ಕೆ ಉದ್ಘಾಟನೆ. ಬಾರಮ್ಮ," ಅಂದ.

ಮನೆಗೆ ಬಂದು ಹೆಂಡತಿಯನ್ನು ಇಷ್ಟೇ ಕೇಳಿದ: "ನಿನಗೆ ಮೊದಲಿಂದ್ಲೂ ಗೊತ್ತಿತ್ತಾ, ನನ್ನ ಪೀಪಿಯಿಂದ್ಲೇ ಅಂತ?"

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಅವತ್ತೊಂದು ಹೊತ್ತು ಊಟ ಬಿಡ್ತಿದ್ರಿ. ಬೆಳಿಗ್ಗೆ ಎದ್ದು ಮತ್ತೆ ಊದ್ತಿದ್ರಿ," ಅಂದಳು ಅವಳು. ಅಂದು ಅವನು ನಿಜವಾಗಿಯೂ ಊಟ ಬಿಟ್ಟ. ಪುಸಲಾಯಿಸಲು ಅವಳು ಹೋಗಲಿಲ್ಲ.

ಶನಿವಾರ ಕಲಾಭವನದ ತುಂಬ ಜನ. ಮೊಣಕಾಲಲ್ಲಿ ಹರಿದ ದುಬಾರಿ ಪ್ಯಾಂಟು ತೊಟ್ಟ ಮುದುಕರು, ಟೋಪಿ ಹಿಂದುಮುಂದಾಗಿ ಹಾಕಿಕೊಂಡ ಬ್ಯಾಂಕ್ ಮ್ಯಾನೇಜರು, ನೆಲಕ್ಕೆ ತಾಗಿಸದೆ ಸ್ಕೇಟ್‌ಬೋರ್ಡನ್ನು ಎದೆಗವಚಿಕೊಂಡ ಹೆಂಗಸರು. ನಿಜವಾದ ಸ್ಕೇಟ್‌ಬೋರ್ಡಿನ ಐದಾರು ಹುಡುಗರು ಕುತೂಹಲಕ್ಕೆ ಒಳಗೆ ಬರಲು ನೋಡಿದ್ದಕ್ಕೆ, ಬೋರ್ಡನ್ನು ಹೊರಗೆ ಬಿಟ್ಟು ಬರಬೇಕು ಅಂತ ಬಾಗಿಲಲ್ಲಿ ತಡೆದಿದ್ದರು. ಕಲಾವಿದ ಅಲೆಯ ಬಗ್ಗೆ ಕಣ್ಣು ಮುಚ್ಚಿಕೊಂಡು ಹದಿನೆಂಟು ನಿಮಿಷ ಮಾತಾಡಿದ. ನಡುವೆ ಒಂದು ಸಲ ಉಸಿರು ಕಟ್ಟಿದಂತೆಯೂ ಮಾಡಿದ. ಚಪ್ಪಾಳೆ ಬಿತ್ತು.

ಖಾಕಿ ಅಂಗಿಯಲ್ಲಿ ಚಿಟ್ಟೆ ಹಿಂದೆ ಕಂಬದ ಪಕ್ಕ ನಿಂತಿದ್ದಳು. ಮುಂದಿನ ಟ್ರಿಪ್ಪಿಗೆ ನಲವತ್ತು ನಿಮಿಷವಿತ್ತು. ಪಕ್ಕದಲ್ಲಿ ಮಾವನ ಹೆಂಡತಿ.

"ಈಗ ನಮ್ಮ ಸಹ-ಸಂಗ್ರಾಹಕರು," ಅಂದರು ಮೇಡಂ. "ಚುಟುಕಾಗಿ."

ಮಾವ ಮೈಕಿನ ಮುಂದೆ ನಿಂತ. ಬರೆದುಕೊಂಡು ಬಂದ ಚೀಟಿ ಜೇಬಿನಲ್ಲೇ ಉಳಿಯಿತು.

"ನಾನು ಏನೂ ಸಂಗ್ರಹ ಮಾಡ್ಲಿಲ್ಲ," ಅಂದ. "ಮಕ್ಕಳ ಕೈಯಿಂದ ಕಿತ್ಕೊಂಡೆ. ಕಿತ್ಕೊಂಡ ದಿನ, ವೇಳೆ ಎಲ್ಲಾ ಬರ್ದಿಟ್ಟೆ. ಅದೊಂದನ್ನ ಮಾತ್ರ ಸರಿಯಾಗಿ ಮಾಡಿದೀನಿ. ಹಾಗಾಗಿ ಒಂದು ತಾರೀಕು ಓದ್ತೀನಿ."

ಮೂಲೆಯಲ್ಲಿದ್ದ ಏಣಿಯನ್ನು ಎಳೆದು ತಂದ. ಕೈಗವಸಿನವರು "ಅಯ್ಯೋ ಬರಿಗೈ, ಬರಿಗೈ" ಅಂತ ಧಾವಿಸಿದರು. ಅಷ್ಟರಲ್ಲಿ ಮಾವ ಮೇಲೆ ಹತ್ತಿ ತುದಿಯ ಬೋರ್ಡನ್ನು ಕಳಚಿ ಜನರ ಕಡೆ ತಿರುಗಿಸಿ ಹಿಡಿದಾಗಿತ್ತು. ಬೋಳುತಲೆ, ಹುಬ್ಬು, ಮೂರು ಹಲ್ಲು. ಎದುರು ಗೋಡೆಯಲ್ಲಿ ಆಳೆತ್ತರದ್ದು, ಇಲ್ಲಿ ಅಂಗೈಯಗಲದ್ದು. ತಾರೀಕು ಓದಿದ. ಗೋಡೆಯ ಚೀಟಿಯಲ್ಲಿದ್ದ ಹನ್ನೊಂದು ವರ್ಷವನ್ನೂ ಓದಿದ. "ಅದಕ್ಕೂ ಆರು ವರ್ಷ ಮುಂಚೇನೇ ಇದು ನಮ್ಮ ಪಂಪ್ ಕೋಣೇಲಿತ್ತು. ಬಿಡಿಸಿದವರು ಅಲ್ಲಿ ಕಂಬದ ಹತ್ರ ನಿಂತಿದ್ದಾರೆ."

ಎಲ್ಲರ ತಲೆ ಕಂಬದ ಕಡೆ ತಿರುಗಿತು. ಕಲಾವಿದ ಮಾತ್ರ ಛಾವಣಿ ನೋಡುತ್ತಿದ್ದ. ಕೊನೆಗೆ ಸಾವರಿಸಿಕೊಂಡು, ಎರಡೂ ಕೈ ಚಾಚಿ, "ಅದ್ಭುತ! ನೋಡಿ, ಆ ಸತ್ತ್ವ ಇವರಿಗೂ ದರ್ಶನ ಕೊಟ್ಟಿದೆ! ಅಲೆ ಎಲ್ಲರೊಳಗೂ ಇದೆ!" ಅಂದ. ಮೇಡಂ ಮೊದಲು ಚಪ್ಪಾಳೆ ತಟ್ಟಿದರು. ಇನ್ನೂ ನಾಲ್ಕು ಜನ ತಟ್ಟಿದರು. ಅಷ್ಟಕ್ಕೇ ಮುಗಿದುಹೋಗುತ್ತಿತ್ತೋ ಏನೋ.

ಚಿಟ್ಟೆ ಬಸ್ಸಿನ ಹಿಂದಿನ ಸೀಟಿಗೂ ಕೇಳಿಸುವ ದನಿಯಲ್ಲಿ ಹೇಳಿದಳು. "ನನಗೆ ದರ್ಶನ ಕೊಟ್ಟಿದ್ದು ಏಳನೇ ಪೀರಿಯಡ್ಡಲ್ಲಿ. ಅದು ಸತ್ತ್ವ ಅಲ್ಲ ಕಣೋ ಕ್ಯಾಮೆರಾ, ನಮ್ಮ ಲೆಕ್ಕದ ಮೇಷ್ಟ್ರು. ನಿನಗೂ ಅವರೇ ಅಲ್ವಾ ಪಾಠ ಮಾಡಿದ್ದು? ಹುಬ್ಬು ನೋಡಿದ್ರೂ ಗೊತ್ತಾಗ್ಲಿಲ್ವಾ?"

ತಿಂಡಿ ತಟ್ಟೆಗಳ ಹತ್ತಿರದಿಂದ ಬ್ಯಾಂಕ್ ಮ್ಯಾನೇಜರು, "ಅಯ್ಯಯ್ಯೋ, ಹೌದಲ್ರೀ! ಶೇಷ ಮೇಷ್ಟ್ರು!" ಅಂತ ಉದ್ಗರಿಸಿ, ತಾನೇ ಮೂರು ವರ್ಷ ಕ್ಯಾಲೆಂಡರಿಗೆ ಹಾಕಿದ್ದು ನೆನಪಾಗಿ ಬಾಯಿಗೆ ಕೈ ಹಿಡಿದ. ಅದೇ ಶಾಲೆಯಲ್ಲಿ ಓದಿದವರು ಇನ್ನೂ ಎಂಟು ಹತ್ತು ಜನ ಇದ್ದರು. ಯಾರೋ "ಶೇಷ ಎಷ್ಟೋ?" ಅಂತ ಮೂಗಿನಲ್ಲಿ ಅಣಕಿಸಿದರು. ನಗೆ ಒಂದು ಮೂಲೆಯಿಂದ ಹೊತ್ತಿಕೊಂಡು ಇಡೀ ಕೋಣೆಗೆ ಹಬ್ಬಿತು. ಅಷ್ಟು ದೊಡ್ಡ ಚಿತ್ರವನ್ನು ಆಮೇಲೆ ಯಾರಿಗೂ ಗಂಭೀರವಾಗಿ ನೋಡಲು ಆಗಲಿಲ್ಲ. ಕಲಾವಿದ ಸಿಟ್ಟಿನಿಂದ ಹೊರಗೆ ನಡೆದ. ಚಪ್ಪಲಿ ಕಾರಿನಲ್ಲಿತ್ತು, ಮೆಟ್ಟಿಲು ಬಿಸಿಲಿಗೆ ಕಾದಿತ್ತು. ಹನ್ನೊಂದೂ ಮೆಟ್ಟಿಲನ್ನು ಕುಣಿಯುತ್ತಾ ಇಳಿದ.

ಮಾವ ಏಣಿಯಿಂದ ಇಳಿದು ಬೋರ್ಡನ್ನು ನೇರ ಚಿಟ್ಟೆಯ ಹತ್ತಿರ ಒಯ್ದ. ಮೇಡಂ ಅಡ್ಡ ಬಂದರು. "ಹಾಗೆ ಕೊಡೋಕಾಗಲ್ಲ. ಅದು ಈಗ ಕಲಾಕೃತಿ. ಅರ್ಜಿ ಬೇಕು, ಸಮಿತಿ ಒಪ್ಪಬೇಕು. ಇವರು ಇದನ್ನ ಬಳಸಿದ್ರೆ ಏನು ಗತಿ?"

"ತಗೊಳ್ಳೋವಾಗ ನಾನು ಯಾವ ಸಮಿತೀನೂ ಕೇಳ್ಲಿಲ್ಲ ಮೇಡಂ," ಅಂದ ಮಾವ. ಚಿಟ್ಟೆಯ ಎಡಗೈಗೆ ಬೋರ್ಡು ಕೊಟ್ಟ. ಕ್ಷಮೆ ಕೇಳಬೇಕು ಅಂತ ಮೂರು ದಿನದಿಂದ ಮಾತು ಕೂಡಿಸಿಟ್ಟಿದ್ದ. ಬಾಯಿಗೆ ಬಂದದ್ದು ಬೇರೆ. "ಗಾಲಿ ತಿರುಗ್ತಿಲ್ಲ ಕಣಮ್ಮ, ತುಕ್ಕು ಹಿಡಿದಿದೆ. ಎಣ್ಣೆ ಬಿಟ್ಟು ಕೊಡ್ಬೇಕಿತ್ತು."

"ನಾನು ಬಿಟ್ಕೋತೀನಿ ಮಾವ," ಅಂದಳು ಅವಳು. ಹಲಗೆಯನ್ನು ತಿರುಗಿಸಿ ಮೇಷ್ಟ್ರ ಮುಖ ನೋಡಿದಳು, ಅವನ ದುಂಡಕ್ಷರದ ಮೇಲೆ ಹೆಬ್ಬೆರಳು ಎಳೆದಳು, ಕಂಕುಳಲ್ಲಿಟ್ಟುಕೊಂಡು ಟ್ರಿಪ್ಪಿಗೆ ಹೊರಟಳು.

ಸೋಮವಾರ ಮಾವನಿಗೆ ಕಾರಣ ಕೇಳಿ ನೋಟೀಸು ಬಂತು: ಬರಿಗೈಯಲ್ಲಿ ಕಲಾಕೃತಿ ಮುಟ್ಟಿದ್ದಕ್ಕೆ. ಬುಧವಾರ ಪತ್ರಿಕೆಯಲ್ಲಿ ವಿಮರ್ಶಕರೊಬ್ಬರು, 'ಕಾವಲುಗಾರನೇ ಕೃತಿಯನ್ನು ಕಳಚುವ ಆ ಕ್ಷಣ ಈ ಪ್ರದರ್ಶನದ ಅತ್ಯಂತ ದಿಟ್ಟ ಕಲ್ಪನೆ' ಅಂತ ಬರೆದರು. ಗುರುವಾರ ಮಾವನಿಗೆ ಪ್ರಶಂಸಾಪತ್ರ ಬಂತು. ಎರಡಕ್ಕೂ ಸಹಿ ಒಬ್ಬರದೇ. ಕಲಾವಿದ ಇನ್ನೊಂದು ಪತ್ರಿಕೆಗೆ, 'ಗುರು ಎಂಬುದೂ ಒಂದು ಅಲೆ' ಅಂತ ಹೇಳಿಕೆ ಕೊಟ್ಟು, ಈಗ ಪರ್ವತಾರೋಹಿಗಳ ಹಗ್ಗದಲ್ಲಿ ಕಲಾಕೃತಿ ಮಾಡುತ್ತಿದ್ದಾನಂತೆ.

ಸುದ್ದಿ ಹಬ್ಬಿ ಬೋರ್ಡಿನವರು ಒಬ್ಬೊಬ್ಬರೇ ಬರತೊಡಗಿದರು. ಹಲ್ಲಿನ ಡಾಕ್ಟರು, ಅಂಚೆಯವನು, ಅವಳಿ ಮಕ್ಕಳನ್ನು ಗಾಡಿಯಲ್ಲಿ ತಳ್ಳಿಕೊಂಡು ಬಂದ ತಾಯಿ. ಮಾವ ತಾರೀಕು ಕೇಳುತ್ತಿದ್ದ, ಕಳಚಿ ಕೊಡುತ್ತಿದ್ದ. ವಿಮರ್ಶೆ ಓದಿದ ಮೇಲೆ ಮೇಡಂ ಅಡ್ಡ ಬರಲಿಲ್ಲ. ಪ್ರದರ್ಶನ ಮುಗಿಯುವ ಹೊತ್ತಿಗೆ ಗೋಡೆಯಲ್ಲಿ ಮೂವತ್ತೊಂದು ಬೋರ್ಡು, ಅರವತ್ತಮೂರು ಮೊಳೆ. ಖಾಲಿ ಮೊಳೆಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರೇ ಹೆಚ್ಚಾಗಿದ್ದರು.

ಇಷ್ಟೆಲ್ಲ ಆದ ಮೇಲೆ ಮೇಡಂ ಚಿಟ್ಟೆಯನ್ನು ಹುಡುಕಿಕೊಂಡು ಬಸ್ ಡಿಪೋಗೇ ಹೋದರು. ಕಲಾಭವನದಲ್ಲಿ ವಾಹನ ನಿಲ್ಲಿಸುವ ಅಂಗಳದ ಉದ್ದನೆಯ ಗೋಡೆಗೆ ಚಿತ್ರ ಬರೆದುಕೊಡಬೇಕು ಅಂದರು. ಪಕ್ಕದಲ್ಲಿ ಚೀಟಿ ಅಂಟಿಸಬಾರದು, ಒಳಗೆ ಏನಿದೆ ಅಂತ ಯಾರೂ ವಿವರಿಸಬಾರದು, ಅಷ್ಟಾದರೆ ಸೈ ಅಂದಳು ಅವಳು. ಏಳು ಭಾನುವಾರ ಬೆಳಿಗ್ಗೆ ಬಂದು ಎಡಗೈಯಲ್ಲೇ ಬರೆದಳು. ಮಾವನ ಹೆಂಡತಿ ಬಣ್ಣದ ಡಬ್ಬಿ ಹಿಡಿದುಕೊಂಡು ಜೊತೆಗಿದ್ದಳು.

ಚಿತ್ರದಲ್ಲಿ ಕೊಳದ ಮಧ್ಯೆ ಒಂದು ದೊಡ್ಡ ಬಿಳಿ ಹಕ್ಕಿ ಹಲಗೆ ಮೇಲೆ ನಿಂತಿದೆ. ಕತ್ತು ಮುಂದೆ ಚಾಚಿದೆ, ಒಂದು ಕಾಲು ಎತ್ತಿದೆ, ಕಣ್ಣಿನ ಸುತ್ತ ದಪ್ಪ ಹಸಿರು ಚೌಕಟ್ಟು. ರೆಕ್ಕೆ ಮಡಿಸಿ ಭಾಷಣಕ್ಕೆ ನಿಂತ ಭಂಗಿ. ಸುತ್ತಲೂ ಪುಟ್ಟ ಪುಟ್ಟ ಬಾತುಕೋಳಿಗಳು ಕೊಕ್ಕಿನಲ್ಲಿ ಪೆನ್ನು ಹಿಡಿದು ಬರೆದುಕೊಳ್ಳುತ್ತಿವೆ.

ಅನಾವರಣದ ದಿನ ಮೇಡಂ ತಮ್ಮ ಹಸಿರು ಚೌಕಟ್ಟಿನ ಕನ್ನಡಕವನ್ನು ಮೂಗಿನ ಮೇಲೆ ಸರಿಸಿಕೊಂಡು, ಕತ್ತು ಚಾಚಿ, ತುಂಬ ಹೊತ್ತು ನೋಡಿದರು.

"ಹಂಸ," ಅಂದರು ಕೊನೆಗೆ, ಗದ್ಗದರಾಗಿ. "ನೀರಿನಿಂದ ಹಾಲನ್ನ ಬೇರೆ ಮಾಡೋ ಹಂಸ. ಅಲ್ವಾ ಮಾವ?"

ಬಾಗಿಲ ಹತ್ತಿರ ನಿಂತಿದ್ದ ಮಾವ ಹೆಂಡತಿಯ ಮುಖ ನೋಡಲಿಲ್ಲ. ನೋಡಿದ್ದರೆ ಕೆಲಸ ಕೆಡುತ್ತಿತ್ತು.

"ಹೌದು ಮೇಡಂ," ಅಂದ. "ಥೇಟ್ ಹಂಸ."